ಅಜ್ಜಿಯ ಸೀರೆಯ ಜೋಲಿ

ಹಂಪಾಪುರ
9-6-2025

ಅತ್ತೆಯವರಿಗೆ,

ನಾನು ಇಲ್ಲಿ ಕ್ಷೇಮ ಎಂದು ಬರೆದರೆ ನೀವು ನಂಬುವುದಿಲ್ಲ. ಅದಕ್ಕೇ ಬರೆಯುವುದಿಲ್ಲ. ನಿಮ್ಮ ಕ್ಷೇಮ ಕೇಳುವಷ್ಟು ದೊಡ್ಡ ಮನಸ್ಸು ಸದ್ಯಕ್ಕೆ ನನಗಿಲ್ಲ.

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ನಿಮ್ಮ ಮಗ ಎತ್ತುತ್ತಾರೆ, "ಅವ್ವನ್ನ ಕೇಳ್ಬುಟ್ಟು ಏಳ್ತೀನಿ ಕಣೆ" ಎಂದು ಇಟ್ಟುಬಿಡುತ್ತಾರೆ. ಆ ಕೇಳಿ ಹೇಳುವ ದಿನ ಇನ್ನೂ ಬಂದಿಲ್ಲ. ಮಹೇಶ್‌ಕುಮಾರ್ ನನಗೆ ಗಂಡನಾಗುವುದಕ್ಕೆ ಮೊದಲು ನಿಮಗೆ ಮಗ, ಒಪ್ಪಿದೆ. ಹಾಗೆಯೇ ಸಂಘಮಿತ್ರ ನಿಮಗೆ ಮೊಮ್ಮಗಳಾಗುವುದಕ್ಕೆ ಮೊದಲು ನನಗೆ ಮಗಳು. ನನ್ನ ಮಗಳನ್ನು ನನಗೆ ಕೊಡಿ. ಈ ಕಾಗದ ಅಷ್ಟಕ್ಕೇ.

ಬಾಣಂತನದಲ್ಲಿ ನನಗೆ ಕಾಯಿಲೆಯಾಯಿತು. ಇಲ್ಲ ಎನ್ನುವುದಿಲ್ಲ. ಮಗು ಅತ್ತರೆ ಎತ್ತಿಕೊಳ್ಳಲು ಕೈ ಬರುತ್ತಿರಲಿಲ್ಲ. ಸ್ನಾನಕ್ಕೆ ಎಬ್ಬಿಸಿದರೆ ಅಮ್ಮನ ಮೇಲೆ ರೇಗುತ್ತಿದ್ದೆ. ಅನ್ನ ಕಂಡರೆ ಮಣ್ಣು ಕಂಡ ಹಾಗಾಗುತ್ತಿತ್ತು. ಅಪ್ಪ ಮೊದಲು ಗಾಳಿ ಸೋಕಿದೆ ಎಂದು ತಡೆ ಒಡೆಸಿದರು, ತಾಯತ ಕಟ್ಟಿಸಿದರು. ಅದೆಲ್ಲ ಮುಗಿದ ಮೇಲೆ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೆರಿಗೆಯಾದ ಮೇಲೆ ಬರುವ ಖಿನ್ನತೆ ಎಂದು ಡಾಕ್ಟರಮ್ಮ ಹೇಳಿ ಮಾತ್ರೆ ಕೊಟ್ಟರು. ಈಗ ಉಣ್ಣುತ್ತೇನೆ, ನಿದ್ದೆ ಮಾಡುತ್ತೇನೆ. ಶಾಲೆ ತೆರೆದ ಮೇಲೆ ಅತಿಥಿ ಶಿಕ್ಷಕಿಯ ಕೆಲಸಕ್ಕೂ ಹೋಗುತ್ತಿದ್ದೇನೆ. ತಮ್ಮ ಮಕ್ಕಳನ್ನು ನನ್ನ ಕೈಗೆ ಬಿಡಲು ಊರಿಗೆ ಊರೇ ಹೆದರುತ್ತಿಲ್ಲ. ನನ್ನ ಮಗುವನ್ನು ನನ್ನ ಕೈಗೆ ಕೊಡಲು ಮಾತ್ರ ನಿಮಗೆ ಹೆದರಿಕೆ.

ಏಪ್ರಿಲಿನಲ್ಲಿ ನೀವು ಬಂದ ದಿನ ನಾನು ಕೋಣೆಯಲ್ಲಿ ಮಲಗಿದ್ದೆ, ಆದರೆ ಕಿವುಡಿಯಾಗಿರಲಿಲ್ಲ. ಮೊದಲ ಮಗುವಿಗೆ ಮನೆಯ ಹಿರಿಯರ ಹಳೇ ಸೀರೆಯಲ್ಲಿ ಜೋಲಿ ಕಟ್ಟುವುದು ನಮ್ಮ ಪದ್ಧತಿ ತಾನೆ? ಅಪ್ಪ ಪೆಟ್ಟಿಗೆಯಿಂದ ಅಜ್ಜಿಯ ಸೀರೆ ತೆಗೆದುಕೊಟ್ಟಿದ್ದರು, ಆ ಹಸಿರು ಅಂಚಿನ ಕೆಂಪು ಸೀರೆ. ಅದನ್ನು ಕಂಡದ್ದೇ ತಡ, ನಿಮ್ಮ ಮೈಮೇಲೆ ಬಂದ ಹಾಗಾಯಿತು. "ಯಾರ್ ಸೀರೇಲಿ ಮಲಗ್ಸಿದ್ದೀರಿ ನನ್ ಮೊಮ್ಮಗೂನ? ಇದ್ನ ಯಾಕ್ ಇಟ್ಕಂಡಿದ್ದಿಯೋ ರುದ್ರ, ಅವತ್ತೇ ಮಣ್ಣಿಗಾಕ್ಬೇಕಾಗಿತ್ತು ಕಣೋ." ಮಗುವನ್ನು ಎತ್ತಿಕೊಂಡಿರಿ, ಜೋಲಿ ಬಿಚ್ಚಿದಿರಿ, ಸುಟ್ಟುಹಾಕುತ್ತೇನೆಂದು ಸೀರೆಯನ್ನೂ ಬಗಲಿಗಿಟ್ಟುಕೊಂಡು ಮಗನ ಗೂಡ್ಸ್ ಆಟೊ ಹತ್ತಿದಿರಿ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಧೂಳು ಮಾತ್ರ ಇತ್ತು.

ಜ್ವರ ಬಂದು ಸತ್ತ ಅಜ್ಜಿಯ ಸೀರೆ ನಿಮಗೇನು ಮಾಡಿತ್ತು? ಹೆತ್ತ ತಾಯಿಯ ಸೀರೆಯನ್ನು ಸುಡುವ ಹೆಣ್ಣುಮಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಉತ್ತರ ಬರೆಯಿರಿ. ಇಲ್ಲ, ಮಗುವನ್ನು ಕಳಿಸಿ. ಎರಡನೆಯದೇ ಸುಲಭ.

ನಿಮ್ಮ ತಮ್ಮನ ಮಗಳು, ನಿಮ್ಮ ಸೊಸೆ,
ಶೃತಿ

*

ಮಿರ್ಲೆ
27-6-2025

ಶೃತಿಗೆ ನಿನ್ನ ಅತ್ತೆ ಶಾಂತಲಾ ಮಾಡುವ ಆಶೀರ್ವಾದ. ತೆಗೆದುಕೊಳ್ಳುವುದೂ ಬಿಡುವುದೂ ನಿನಗೆ ಸೇರಿದ್ದು.

ನಾನು ಏಳನೇ ಕ್ಲಾಸು, ನೀನು ಮೇಡಂ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿಕೋ. ಅತ್ತೆಗೆ ಬರೆಯುವ ಕಾಗದವಾ ಅದು? ನಿಮ್ಮ ಮಾವ ನೀಲಕಂಠಸ್ವಾಮಿ ಓದಲು ಕೇಳಿದರು, ನಾನು ಕೊಡಲಿಲ್ಲ. ಸೊಸೆಯ ಮಾನ ಉಳಿಯಲಿ ಎಂದು ಅಕ್ಕಿ ಡಬ್ಬದಲ್ಲಿ ಹಾಕಿಟ್ಟೆ.

ಮಗು ಚೆನ್ನಾಗಿದೆ. ಒತ್ತುಕೊಟ್ಟರೆ ಕೂರುತ್ತದೆ. ಕೆಳಗೆ ಒಂದು ಹಲ್ಲು ಕಾಣಿಸಿದೆ. ರಾಗಿ ಸರಿ ಬಟ್ಟೆಯಲ್ಲಿ ಸೋಸಿ ಕುಡಿಸುತ್ತಿದ್ದೇನೆ. ಬಾಣಂತನಕ್ಕೆಂದು ನಿಮ್ಮ ಮನೆಗೆ ಬಿಟ್ಟಾಗ ಕೂಸು ಹೇಗಿತ್ತು, ನಾನು ಬಂದು ನೋಡಿದಾಗ ಹೇಗಿತ್ತು? ಬಟ್ಟೆ ಒದ್ದೆಯಾಗಿ ತಣ್ಣಗಿತ್ತು. ನೀನು ಗೋಡೆ ಕಡೆ ತಿರುಗಿ ಮಲಗಿದ್ದೆ. ಕರೆದೆ. ತಿರುಗಲಿಲ್ಲ. ಅದನ್ನು ಕಂಡ ಮೇಲೆ ನನಗೆ ಬೇರೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಜ್ವರ ಅಂತೆ ಜ್ವರ. ನಿಮ್ಮಪ್ಪನನ್ನು ಕೂರಿಸಿಕೊಂಡು ಕೇಳು, ಪುಟ್ಟಸಿದ್ದಮ್ಮ ಯಾವ ಜ್ವರದಲ್ಲಿ ಹೋದಳು ಎಂದು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಒಂದೊಂದು ಸಲ ಮಗಳನ್ನು ಬಿಟ್ಟು ಮೊಮ್ಮಗಳಿಗೆ ಬರುತ್ತದೆ. ರಕ್ತದಲ್ಲಿ ಬಂದದ್ದು ಮಾತ್ರೆ ನುಂಗಿದರೆ ಹೋಗುವುದಿಲ್ಲ. ಆ ನೆರಳು ಈ ಕೂಸಿನ ಮೇಲೆ ಬೀಳಬಾರದು. ಬೀಳದ ಹಾಗೆ ದೂರ ಇಟ್ಟಿದ್ದೇನೆ. ನೀನು ಬೈದರೂ ಇಟ್ಟಿರುತ್ತೇನೆ.

ಶಾಂತಲಾ

*

ಹಂಪಾಪುರ
14-7-2025

ಅತ್ತೆಯವರಿಗೆ,

ಅಪ್ಪನನ್ನು ಕೇಳಿದೆ. ಮೊದಲು ಎದ್ದು ಹೊಲದ ಕಡೆ ಹೋದರು. ಮಧ್ಯಾಹ್ನ ಬಂದು ಉಣ್ಣದೆ ಕೂತರು. ಆಮೇಲೆ ಹೇಳಿದರು. ತಾನು ಹುಟ್ಟಿದ ಮೇಲೆ ಅವ್ವ ಮೇಲೇಳಲೇ ಇಲ್ಲವಂತೆ. ಉಣ್ಣುವುದು ಬಿಟ್ಟಳಂತೆ, ಮಾತು ಬಿಟ್ಟಳಂತೆ, ತನಗೆ ವರ್ಷ ತುಂಬುವ ಮೊದಲೇ ಹೋದಳಂತೆ. ಇದನ್ನು ಆಗಿನ ಮನೆಯವರು ಗಾಳಿ ಎಂದರು, ನೀವೂ ಅಪ್ಪನೂ ನಮಗೆ ಜ್ವರ ಎಂದಿರಿ.

ನನ್ನನ್ನು ಮೊದಲ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರಮ್ಮ ಕೇಳಿದ್ದು ಒಂದೇ ಮುಖ್ಯವಾದ ಪ್ರಶ್ನೆ, ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತೇ ಎಂದು. ಅಪ್ಪ ನನ್ನ ಪಕ್ಕದಲ್ಲೇ ನಿಂತು "ಇಲ್ಲ ಕಣ್ರವ್ವ, ನಮ್ಮಲ್ಲಿ ಯಾರ್ಗೂ ಇಲ್ಲ" ಎಂದರು. ಇದೇ ಮಾತನ್ನು ನಾನು ಬಸುರಿಯಾದಾಗ ನರ್ಸಮ್ಮನಿಗೂ ಹೇಳಿದ್ದರು. ಇದೆ ಎಂದು ಒಬ್ಬರು ಹೇಳಿದ್ದರೆ ಹೆರಿಗೆಯಾದ ವಾರದಿಂದಲೇ ನನ್ನ ಮೇಲೆ ಕಣ್ಣಿಟ್ಟಿರುತ್ತಿದ್ದರಂತೆ. ತಾಯತ, ತಡೆ ಎಂದು ಕಳೆದುಹೋದ ದಿನಗಳಲ್ಲಿ ನಾನು ಅನುಭವಿಸಿದ್ದನ್ನು ನಿಮ್ಮ ಹಗೆಗಳಿಗೂ ಬೇಡ ಎನ್ನುತ್ತೇನೆ. ಮಗುವಿನ ಒದ್ದೆ ಬಟ್ಟೆಯ ಲೆಕ್ಕ ನನ್ನ ತಲೆಗೆ ಕಟ್ಟಿದ್ದೀರಲ್ಲ, ಅದರಲ್ಲಿ ನಿಮ್ಮಿಬ್ಬರ ಪಾಲೂ ಇದೆ.

ಈ ಸಲ ನಾನೇ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ. ರಕ್ತದಲ್ಲಿ ಬರುತ್ತದೆಯೇ ಎಂದು ನಿಮ್ಮ ಮಾತಲ್ಲೇ ಕೇಳಿದೆ. ಅವರು ಹೇಳಿದ್ದನ್ನು ಬರೆಯುತ್ತೇನೆ, ಅಕ್ಕಿ ಡಬ್ಬಕ್ಕೆ ಹಾಕುವ ಮೊದಲು ಎರಡು ಸಲ ಓದಿ. ವಂಶವಾಹಿಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳು ಪ್ರತಿಯೊಬ್ಬರಲ್ಲೂ ಇರುತ್ತವೆ, ನಿಮ್ಮಲ್ಲೂ ಆ ಡಾಕ್ಟರಮ್ಮನಲ್ಲೂ. ಖಿನ್ನತೆಗೆ ಇದೇ ಎಂದು ಬೆರಳಿಟ್ಟು ತೋರಿಸುವಂಥ ಒಂದೇ ಒಂದು ವಂಶವಾಹಿ ಇಲ್ಲ. ನೂರಾರು ಕಡೆಯ ವ್ಯತ್ಯಾಸಗಳು ಒಂದೊಂದೂ ಒಂದು ಚಿಟಿಕೆಯಷ್ಟು ಅಪಾಯ ಸೇರಿಸುತ್ತವೆ. ಅವುಗಳಲ್ಲಿ ಎಷ್ಟೋ ಬೇರೆ ಮನೋರೋಗಗಳಲ್ಲೂ ಪಾಲು ಹೊಂದಿವೆ. ಹತ್ತಿರದವರಿಗೆ ಇದ್ದರೆ ನಮಗೂ ಬರುವ ಸಾಧ್ಯತೆ ಹೆಚ್ಚು. ಬಂದೇ ಬರುತ್ತದೆ ಎಂದೇನೂ ಇಲ್ಲ, ಬಹಳ ಜನಕ್ಕೆ ಬರುವುದೇ ಇಲ್ಲ. ನಿದ್ದೆ, ಊಟ, ಜೊತೆಗೆ ಜನ, ಬೇಗ ಸಿಕ್ಕ ಚಿಕಿತ್ಸೆ, ಇವೂ ಅಷ್ಟೇ ಲೆಕ್ಕಕ್ಕೆ ಬರುತ್ತವೆ. ಹಣೆಬರಹ ಎಂಬ ಮಾತನ್ನು ಅವರು ಒಂದು ಸಲವೂ ಆಡಲಿಲ್ಲ.

ಇನ್ನೊಂದು ಮಾತನ್ನೂ ಅಪ್ಪ ಹೇಳಿದರು. ನನ್ನನ್ನು ನಿಮ್ಮ ಮಗನಿಗೆ ಯಾಕೆ ಕೊಟ್ಟದ್ದು ಎಂದು. ಸೋದರಿಕೆ ಉಳಿಯಲಿ, ಮೊದಲಿಂದ ಬಂದ ಸಂಬಂಧ ಕಡಿಯಬಾರದು ಎಂದಲ್ಲವೇ ನೀವು ನನ್ನ ತಲೆ ಸವರಿದ್ದು? ನಿಜವಾಗಿ ನೀವು ಅಪ್ಪನಿಗೆ ಹೇಳಿದ್ದು ಬೇರೆ. "ಒರಗಡೆ ಕೊಟ್ರೆ ಊರಲ್ಲಿ ಬಂದು ವಿಚಾರಿಸ್ತಾರೆ. ಟೀ ಅಂಗಡೀಲಿ ಕೂತ್ಕಂಡು ಕೇಳಿದ್ರೆ ಸಾಕು, ಅವ್ವನ್ ಸುದ್ದಿ ಎತ್ತೇ ಎತ್ತಾರೆ. ನಮ್ನಮ್ಮಲ್ಲೇ ಕೊಟ್ಕಂಡ್ರೆ ಯಾರೂ ಕೇಳಲ್ಲ ಕಣೋ."

ಭಲೇ ಅತ್ತೆ. ಕಾಯಿಲೆಯನ್ನು ಊರಿಂದ ಮುಚ್ಚಿಡಲು ಹೋಗಿ ಅದನ್ನು ಮನೆಯೊಳಗೇ ಕೂಡಿಹಾಕಿದಿರಿ. ಈಗ ನನ್ನ ರಕ್ತ ಕೆಟ್ಟದ್ದು ಎನ್ನುತ್ತೀರಿ. ಅಜ್ಜಿಯ ಪಾಲು ಅಪ್ಪನಿಂದ ನನಗೆ ಬಂದಿದ್ದರೆ, ನಿಮ್ಮಿಂದ ನಿಮ್ಮ ಮಗನಿಗೂ ಬಂದಿರಬಹುದು. ನಮ್ಮಿಬ್ಬರಿಂದ ಆ ಮಗುವಿಗೆ ಎರಡು ದಾರಿ. ಅವಳನ್ನು ನನ್ನಿಂದ ದೂರ ಇಟ್ಟರೆ ಅವಳ ರಕ್ತ ಸೋಸಿದ ಹಾಗಾಗುತ್ತದೆಯೇ, ರಾಗಿ ಸರಿಯ ಹಾಗೆ?

ಅವಳಿಗೆ ಬೇಕಾಗಿರುವುದು ಈ ಕಾಯಿಲೆಯ ಮುಖ ಕಂಡು, ಅದರಿಂದ ಎದ್ದು ಬಂದ ತಾಯಿ. ನಾನು ಎದ್ದಿದ್ದೇನೆ. ಕೊಡಿ ನನ್ನ ಮಗಳನ್ನು.

ಶೃತಿ

*

ಮಿರ್ಲೆ
19-8-2025

ಶೃತಿಗೆ,

ಪಾಠ ಓದಿದೆ ಮೇಡಂ. ಎರಡಲ್ಲ, ಮೂರು ಸಲ.

ನಿಮ್ಮಪ್ಪ ಹೇಳಿದ್ದು ಕೇಳಿಸಿಕೊಂಡ ಮಾತು. ಅವನು ಆಗ ಹಾಲು ಕುಡಿಯುವ ಕೂಸು. ಕಂಡವಳು ನಾನು. ನನಗೆ ಆರೋ ಏಳೋ ವರ್ಷ. ಅವ್ವ ಒಳಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ಕರೆದರೆ ತಿರುಗುತ್ತಿರಲಿಲ್ಲ. ನಾನು ಅವಳ ಬೆನ್ನಿಗೆ ಅಂಟಿಕೊಂಡು ಮಲಗುತ್ತಿದ್ದೆ. ಬೇವಿನ ಸೊಪ್ಪಲ್ಲಿ ಹೊಡೆದರು, ಮೆಣಸಿನಕಾಯಿ ಹೊಗೆ ಹಾಕಿದರು. ಅವಳು ಕೆಮ್ಮುತ್ತಿದ್ದಳು, ಅಷ್ಟೇ. ಒಂದು ದಿನ ಯಾರೋ "ಈ ಮಗೀನೂ ಅಂಗೇ ಆಯ್ತದೆ, ಮೊದ್ಲು ದೂರ ಕಳ್ಸಿ" ಎಂದರು. ನನ್ನನ್ನು ಪಿರಿಯಾಪಟ್ಟಣದ ಕಡೆಯ ಚಿಕ್ಕವ್ವನ ಮನೆಗೆ ಬಿಟ್ಟುಬಂದರು.

ಅಲ್ಲಿ ಹೊಗೆಸೊಪ್ಪಿನ ಕಾಲ. ಸೊಪ್ಪು ಒಣಗಿಸುವ ಬ್ಯಾರನ್ ಮನೆ ಮುಂದೆ ಹೆಂಗಸರ ಸಾಲಲ್ಲಿ ಕೂರಿಸಿ ಕಡ್ಡಿಗೆ ಎಲೆ ಕಟ್ಟಿಸಿದರು. ಕೈಗೆ ಹತ್ತಿದ ಕರಿ ಅಂಟು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ, ಉಣ್ಣುವ ಮುದ್ದೆಯೂ ಕಹಿ. ಊರಿಗೆ ಹೋಗಬೇಕು ಎಂದರೆ "ಅವ್ವಂಗೆ ವಾಸಿಯಾಗ್ಲಿ ಬುಡು" ಎನ್ನುತ್ತಿದ್ದರು. ಪಿತೃಪಕ್ಷದ ಅಮಾವಾಸ್ಯೆಗೆ ಕರೆದುಕೊಂಡು ಬಂದರು. ಬಸ್ಸಿಳಿದವಳೇ ಓಡಿ ಒಳಕೋಣೆಗೆ ಹೋದೆ. ಗುಡಿಸಿ ಸಾರಿಸಿತ್ತು, ಚಾಪೆಯೂ ಇರಲಿಲ್ಲ. ನಡುಮನೆಯಲ್ಲಿ ಎಡೆ ಹಾಕಿದ್ದರು. ಎಡೆಯ ಮುಂದೆ ಆ ಕೆಂಪು ಸೀರೆ ಮಡಿಸಿ ಇಟ್ಟು ಮೇಲೆ ಹೂವಿಟ್ಟಿದ್ದರು. ಸತ್ತವರ ಬಟ್ಟೆಯನ್ನು ಹಾಗೆ ಇಡುತ್ತಾರೆ ಎಂದು ಆ ವಯಸ್ಸಿಗೇ ನನಗೆ ಗೊತ್ತಿತ್ತು. ನನ್ನ ಅವ್ವ ಸತ್ತದ್ದನ್ನು ನನಗೆ ಯಾರೂ ಹೇಳಲಿಲ್ಲ. ಸೀರೆ ನೋಡಿ ತಿಳಿದುಕೊಂಡೆ.

ಆ ಸೀರೆಯಲ್ಲಿ ನಿನ್ನ ಮಗು ಮಲಗಿತ್ತು, ಪಕ್ಕದ ಕೋಣೆಯಲ್ಲಿ ನೀನು ಗೋಡೆ ಕಡೆ ತಿರುಗಿದ್ದೆ. ನಾನು ಇನ್ನೇನು ಮಾಡಬೇಕಿತ್ತು, ಹೇಳು.

ನನ್ನನ್ನು ದೂರ ಇಟ್ಟರು, ನಾನು ಉಳಿದೆ. ಮದುವೆಯಾದೆ, ಮಗನನ್ನು ಹೆತ್ತೆ, ಹಸು ಕಟ್ಟಿದೆ, ಗದ್ದೆ ಮಾಡಿಸಿದೆ. ನನ್ನ ಮೊಮ್ಮಗಳೂ ಉಳಿಯಬೇಕು. ನಿನ್ನ ವಂಶವಾಹಿ ಪಂಶವಾಹಿ ನನಗೆ ಬೇಡ.

ಮಗು ಅಂಬೆಗಾಲಿಡುತ್ತಿದೆ.

ಶಾಂತಲಾ

*

ಹಂಪಾಪುರ
5-9-2025

ಅತ್ತೆ,

ನಿಮ್ಮ ಕಾಗದ ಓದಿ ಅಳು ಬಂತು. ಆ ಅಳು ಬ್ಯಾರನ್ ಮುಂದೆ ಕೂತಿದ್ದ ಹುಡುಗಿಗೆ, ನಿಮಗಲ್ಲ. ನಿಮ್ಮ ಮೇಲಿನ ಸಿಟ್ಟು ಇಮ್ಮಡಿಯಾಯಿತು. ನೋವು ಗೊತ್ತಿಲ್ಲದವರು ಮಾಡಿದ್ದರೆ ಪೆದ್ದುತನ ಎಂದು ಬಿಡಬಹುದಿತ್ತು. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನೇ ಮಾಡಿದಿರಿ.

ಅಜ್ಜಿಯನ್ನು ಕೊಂದದ್ದು ರಕ್ತ ಅಲ್ಲ. ಆಸ್ಪತ್ರೆಗೆ ತೋರಿಸದವರು, ಮೆಣಸಿನಕಾಯಿ ಹೊಗೆ ಹಾಕಿದವರು. ಬೆನ್ನಿಗೆ ಅಂಟಿಕೊಂಡಿದ್ದ ಒಂದು ಮಗುವಿನ ಬಿಸಿಯನ್ನೂ ಕಿತ್ತುಕೊಂಡು ಪಿರಿಯಾಪಟ್ಟಣಕ್ಕೆ ಸಾಗಿಸಿದವರು. ಇಷ್ಟೆಲ್ಲ ಮಾಡಿ ಅವರು ಬೆರಳು ತೋರಿಸಿದ್ದು ಗಾಳಿಯ ಕಡೆಗೆ. ನೀವು ತೋರಿಸುತ್ತಿರುವುದು ರಕ್ತದ ಕಡೆಗೆ. ಎರಡಕ್ಕೂ ಬಾಯಿಲ್ಲ, ಅದಕ್ಕೇ ನಿಮಗೆಲ್ಲ ಅನುಕೂಲ.

ದೂರ ಇಟ್ಟದ್ದಕ್ಕೆ ಉಳಿದೆ ಎನ್ನುತ್ತೀರಿ. ಅಪ್ಪನನ್ನು ಯಾರೂ ದೂರ ಇಡಲಿಲ್ಲ, ಅದೇ ಮನೆಯಲ್ಲಿ, ಅದೇ ಸೀರೆಯ ಜೋಲಿಯಲ್ಲಿ ಬೆಳೆದರು. ಅವರಿಗೇನೂ ಆಗಲಿಲ್ಲವಲ್ಲ? ಬರದೇ ಇರುವ ಬಹಳ ಜನರಲ್ಲಿ ನೀವೂ ಒಬ್ಬರಾಗಿರಬಹುದು. ಅಥವಾ ಬಂದದ್ದನ್ನು ಯಾರಿಗೂ ಹೇಳದೆ ಇದ್ದಿರಬಹುದು. ಅದು ನಿಮಗೇ ಗೊತ್ತು. ಮಹೇಶ್ ಭಾವನಿಗೆ ವರ್ಷ ತುಂಬುವವರೆಗೆ ನೀವು ನಗುತ್ತಿದ್ದುದನ್ನು ಕಂಡವರಿಲ್ಲ ಎಂದು ಅಮ್ಮ ಹೇಳಿದಳು.

ಸಂಘಮಿತ್ರ ಮೊದಲ ಸಲ ಅಂಬೆಗಾಲಿಟ್ಟದ್ದನ್ನು ನಾನು ನಿಮ್ಮ ಕಾಗದದ ಕೊನೆಯ ಸಾಲಲ್ಲಿ ಓದಿದೆ. ಈ ಒಂದು ಸಾಲಿಗೆ ನಿಮ್ಮನ್ನು ಯಾವತ್ತೂ ಕ್ಷಮಿಸುವುದಿಲ್ಲ ಎಂದುಕೊಂಡಿದ್ದೇನೆ. ಮುಂದೊಂದು ದಿನ ನನ್ನ ಮಗಳು ಎಡೆಯ ಮುಂದೆ ಇಟ್ಟ ನನ್ನ ಸೀರೆ ನೋಡಿ, ಇವಳು ನನ್ನ ತಾಯಿ ಎಂದು ಗುರುತು ಹಿಡಿಯಬೇಕೇ? ಅದನ್ನು ನೀವು ಒಪ್ಪುತ್ತೀರಾ? ನೀವು, ಶಾಂತಲಾ, ಪುಟ್ಟಸಿದ್ದಮ್ಮನ ಮಗಳು?

ಅಮಾವಾಸ್ಯೆಗೆ ವರ್ಷವೂ ಬರುತ್ತೀರಿ. ಈ ವರ್ಷ ನನ್ನ ಮಗಳನ್ನು ಎತ್ತಿಕೊಂಡು ಬನ್ನಿ. ಬರದಿದ್ದರೆ ಮಾರನೇ ದಿನ ನಾನೇ ಮಿರ್ಲೆಗೆ ಬರುತ್ತೇನೆ, ಪೊಲೀಸರನ್ನು ಕರೆದುಕೊಂಡೇ ಬರುತ್ತೇನೆ. ನಿಮ್ಮ ಮನೆ ಮುಂದೆ ನಿಂತು ಅಜ್ಜಿಯ ಕಥೆಯನ್ನು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ. ನನಗೆ ನಾಚಿಕೆಯಿಲ್ಲ. ಆ ನಾಚಿಕೆಯಲ್ಲೇ ಒಂದು ಜೀವ ಹೋಗಿದೆ, ಸಾಕು.

ಶೃತಿ

*

ಮಿರ್ಲೆ
12-10-2025

ಶೃತಿಗೆ,

ನಿನ್ನ ಪೊಲೀಸರಿಗೆ ಹೆದರಿ ಮಗು ತಂದೆ ಎಂದು ತಿಳಿಯಬೇಡ.

ಅಮಾವಾಸ್ಯೆ ದಿನ ಅದನ್ನು ನಿನ್ನ ಮಡಿಲಿಗೆ ಹಾಕಿ ಊಟ ಮಾಡದೆ ಎದ್ದುಬಂದೆ ಎಂದು ನಿಮ್ಮಮ್ಮ ಪ್ರೇಮಾ ಬೇಜಾರು ಮಾಡಿಕೊಂಡಳಂತೆ. ಮಗು ನಿನ್ನ ಗುರುತು ಸಿಗದೆ ನನ್ನ ಕಡೆ ಕೈ ಚಾಚಿ ಅತ್ತಿತು. ನೀನು ನನ್ನ ಮುಖ ನೋಡಿದೆ. ಆ ನೋಟದ ಮುಂದೆ ಕೂತು ತುತ್ತು ನುಂಗಲು ನನ್ನಿಂದ ಆಗುತ್ತಿರಲಿಲ್ಲ.

ಎಡೆಯ ಮುಂದೆ ಸೀರೆ ಇರಲಿಲ್ಲ. ರುದ್ರ ಏನೂ ಕೇಳಲಿಲ್ಲ, ಸುಟ್ಟಿದ್ದಾಳೆ ಎಂದುಕೊಂಡಿರಬೇಕು. ಸುಟ್ಟಿಲ್ಲ. ಏಪ್ರಿಲಿನಲ್ಲಿ ಬಂದ ದಿನವೇ ನೀರೊಲೆಯ ಮುಂದೆ ಹಿಡಿದುಕೊಂಡು ಕೂತೆ. ಒಳಗೆ ಮಗು ಕಿರುಚುತ್ತಿತ್ತು. ಮಹೇಶ ಹೊಸ ತೊಟ್ಟಿಲು ತಂದಿದ್ದ, ಅದರಲ್ಲಿ ಮಲಗಲಿಲ್ಲ. ನನ್ನ ಸೀರೆಯಲ್ಲಿ ಜೋಲಿ ಕಟ್ಟಿದೆ, ಮಲಗಲಿಲ್ಲ. ಸಾಕಾಗಿ ಅವ್ವನ ಸೀರೆ ಕಟ್ಟಿದೆ. ಎರಡು ಸಲ ತೂಗುವಷ್ಟರಲ್ಲಿ ಕಣ್ಣು ಮುಚ್ಚಿತು. ಅವತ್ತಿಂದ ಅದರಲ್ಲೇ ಮಲಗಿದ್ದು. ನಿನಗೆ ಬೈದು ಬರೆಯುವಾಗಲೂ ಒಂದು ಕೈ ಆ ಜೋಲಿಯ ಮೇಲೇ ಇತ್ತು.

ಈಗ ಜೋಲಿ ಖಾಲಿ. ಬಿಚ್ಚಲು ಮನಸ್ಸಿಲ್ಲ.

ನಿಮ್ಮಮ್ಮ ಹೇಳಿದ್ದು ನಿಜ. ಮಹೇಶ ಹುಟ್ಟಿದಾಗ ಆಗಿತ್ತು. ಬೆಳಗಾದರೆ ಭಯ. ಹೇಳಿದರೆ ಅವ್ವನ ಹಾಗೆ ಕೋಣೆಗೆ ಹಾಕುತ್ತಾರೆ, ಮಗನನ್ನು ಕಿತ್ತುಕೊಂಡು ದೂರ ಕಳಿಸುತ್ತಾರೆ ಎಂದು ಬಾಯಿ ಬಿಡಲಿಲ್ಲ. ಹಲ್ಲು ಕಚ್ಚಿ ಗದ್ದೆಗೆ ಹೋದೆ. ತಾನಾಗಿ ಹೋಯಿತು ಎಂದುಕೊಂಡೆ. ಆಮೇಲೂ ಎರಡು ಮೂರು ಸಲ ಬಂದು ಹೋಯಿತು. ಈಗ ಮಗು ಹೋದ ಮೇಲೆ ಮತ್ತೆ ಬಂದಿದೆ, ಈ ಸಲ ಹೋಗುತ್ತಿಲ್ಲ. ಹಾಲು ಕರೆಯಲು ನಿಮ್ಮ ಮಾವ ಏಳುತ್ತಿದ್ದಾರೆ. ಸಾರಿಗೆ ಉಪ್ಪು ಹಾಕಿದ್ದು ನೆನಪಿರುವುದಿಲ್ಲ. ನಿನ್ನೆ ಕಣ್ಣು ಬಿಟ್ಟಾಗ ಎದುರಿಗೆ ಗೋಡೆ ಇತ್ತು. ನಾನು ಆ ಕಡೆ ತಿರುಗಿ ಮಲಗಿದ್ದೆ. ನನಗೇ ಗೊತ್ತಿಲ್ಲದೆ ತಿರುಗಿದ್ದೆ.

ನೀನು ಸಿಟ್ಟಲ್ಲಿದ್ದೀಯ. ಇರು. ಆದರೆ ಬೇರೆ ಯಾರನ್ನು ಕೇಳಲಿ? ನಿನ್ನ ಆ ಡಾಕ್ಟರಮ್ಮ ಯಾವ ವಾರ ಸಿಗುತ್ತಾರೆ?

ಇದನ್ನು ಮಹೇಶನಿಗೆ ಹೇಳಬೇಡ.

ಅತ್ತೆ

*

ಹಂಪಾಪುರ
18-10-2025

ಅತ್ತೆಯವರಿಗೆ,

ಮಂಗಳವಾರ ಸಿಗುತ್ತಾರೆ. ದೀಪಾವಳಿ ಕಳೆದ ಮೊದಲ ಮಂಗಳವಾರ ಹೊರಡಿ. ಕೆ.ಆರ್. ನಗರದಿಂದ ಬೆಳಗಿನ ಬಸ್ಸಿಗೆ ಬನ್ನಿ, ನಾನು ಮಗುವನ್ನು ಎತ್ತಿಕೊಂಡು ಮೈಸೂರಿನ ಬಸ್ ನಿಲ್ದಾಣದಲ್ಲಿ ನಿಂತಿರುತ್ತೇನೆ. ಅಲ್ಲಿಯವರೆಗೆ ಒಬ್ಬರೇ ಇರಬೇಡಿ. ಉಣ್ಣಲು ಆಗದಿದ್ದರೆ ಗಂಜಿಯಾದರೂ ಕುಡಿಯಿರಿ. ತೀರಾ ತಡೆಯಲಾಗದಿದ್ದರೆ ಫೋನ್ ಮಾಡಿ, ಯಾವ ಹೊತ್ತಾದರೂ ಎತ್ತುತ್ತೇನೆ. ನಾನು ನಿಮ್ಮ ಹಾಗಲ್ಲ.

ಮಹೇಶ್ ಭಾವನಿಗೆ ಹೇಳಿದ್ದೇನೆ. ಹೇಳಬೇಡ ಎಂದಿರಿ, ಹೇಳಿದೆ. ಈ ಮನೆಯಲ್ಲಿ ಹೇಳಬೇಡ ಎನ್ನುವ ಮಾತು ಇನ್ನು ನಡೆಯುವುದಿಲ್ಲ. ಅವರು "ನನ್ಗೂ ಒಂದೊಂದ್ ಸಲ ಅಂಗೇ ಆಯ್ತದೆ ಕಣೆ" ಎಂದರು. ನಿಮ್ಮ ಜೊತೆ ಬಸ್ಸಿಗೆ ಅವರೂ ಬರುತ್ತಾರೆ.

ನನ್ನ ಸಿಟ್ಟು ಹೋಗಿಲ್ಲ. ಹೋಗಿದೆ ಎಂದು ಸುಳ್ಳು ಬರೆದರೆ ನಾನೂ ನಿಮ್ಮ ಪೈಕಿಯೇ ಆಗುತ್ತೇನೆ. ಆಸ್ಪತ್ರೆಯಲ್ಲಿ ಕ್ಯೂ ಉದ್ದ ಇರುತ್ತದೆ, ಕೂತಲ್ಲಿ ನಿಮಗೆ ಬೈಯಬೇಕಾದ್ದನ್ನೆಲ್ಲ ಬೈಯುತ್ತೇನೆ. ಬೈಯುತ್ತಲೇ ನಿಮ್ಮ ಕೈ ಹಿಡಿದುಕೊಂಡಿರುತ್ತೇನೆ.

ಬರುವಾಗ ಸೀರೆ ತನ್ನಿ. ಇವಳು ನನ್ನ ಹೆಗಲಿಗೆ ಒಗ್ಗಿದ್ದಾಳೆ, ಆದರೆ ಮಲಗಿಸಿದರೆ ಏನನ್ನೋ ಹುಡುಕುತ್ತಾಳೆ. ಏನೆಂದು ಈಗ ಗೊತ್ತಾಯಿತು.

ಇನ್ನೊಂದು ಮಾತು. ಒಳಗೆ ಹೋದ ಕೂಡಲೇ ಡಾಕ್ಟರಮ್ಮ ನಿಮ್ಮನ್ನೂ ಕೇಳುತ್ತಾರೆ, ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತೇ ಎಂದು. ಅಪ್ಪ ಹೇಳಿದ ಉತ್ತರ ಹೇಳಬೇಡಿ. ಇತ್ತು ಅನ್ನಿ. ನಮ್ಮವ್ವನಿಗೆ ಇತ್ತು, ಅವಳ ಹೆಸರು ಪುಟ್ಟಸಿದ್ದಮ್ಮ ಅನ್ನಿ.

ಶೃತಿ